ಬೂಟು ಕಾಯುವ ಕೆಲಸ

ಫಕ್ಕೀರವ್ವ ಇಟಲಿ ದೇಶಕ್ಕೆ ಬಂದಿಳಿದು ಅಂದಿಗೆ ಮೂರನೆಯ ದಿನ. ಸಮುದ್ರದ ದಂಡೆಯ ನೇಪಲ್ಸ್ ಎಂಬ ಆ ದೊಡ್ಡ ಪಟ್ಟಣದಲ್ಲಿ ಅವಳು ಅಲ್ಲಿಯತನಕ ಕಣ್ತುಂಬ ನೋಡಿದ್ದು ಒಂದೇ ವಸ್ತುವನ್ನು. ಗಂಡ ಸಕ್ರಪ್ಪ ಮಾಸ್ತರನ ಬೂಟುಗಳನ್ನು. ಕರಿಯ ಬೂಟು, ಎಡಗಾಲಿನದರ ಮೂತಿ ಆಗಲೇ ಸ್ವಲ್ಪ ಸವೆದಿತ್ತು. ಲೇಸಿನ ತೂತುಗಳು ಎಷ್ಟೆಂದು ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ.

ಸಕ್ರಪ್ಪ ಗದಗಿನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಲಕ್ಕುಂಡಿಯ ಗುಡಿಗಳ ಮುಂದೆ ಕೂತು ಚಿತ್ರ ತೆಗೆದು ತೆಗೆದು ದೊಡ್ಡವರ ಕಣ್ಣಿಗೆ ಬಿದ್ದ. ಹಳೆಯ ಗೋಡೆಚಿತ್ರಗಳನ್ನು ಕೆಡದಂತೆ ಉಳಿಸುವ ವಿದ್ಯೆ ಕಲಿಯಲು ರೋಮಿನಲ್ಲಿ ಅವನಿಗೆ ಆರು ತಿಂಗಳ ವ್ಯವಸ್ಥೆಯಾಯಿತು. ಊರವರು ಹಾರ ಹಾಕಿದರು, ಭಾಷಣ ಮಾಡಿದರು, ಜೊತೆಯ ಮಾಸ್ತರರು ಕೂಡಿ ಬೂಟು ಕೊಡಿಸಿದರು. ಅವನ ಹೊಟ್ಟೆ ಮೊದಲೇ ನಾಜೂಕು. ಮಗ ಕಂಡಕಂಡವರ ಕೈಯಡಿಗೆ ತಿಂದು ಜಡ್ಡು ಬೀಳಬಾರದೆಂದು ತಾಯಿ ಹಟ ಹಿಡಿದು, ತನ್ನ ಖರ್ಚಿನಲ್ಲೇ ಸೊಸೆಯನ್ನೂ ಹಡಗು ಹತ್ತಿಸಿದಳು. ಹೀಗೆ ಫಕ್ಕೀರವ್ವ ಅಡಿಗೆಯವಳಾಗಿ ಪರದೇಶಕ್ಕೆ ಹೊರಟಳು. ಬಂದ ಮೇಲೆ ಕಾವಲುಗಾರ್ತಿಯಾದಳು.

ಆದರೆ ಅವಳಿಗೂ ಒಂದು ಕೆಲಸ ಒಪ್ಪಿಸಿದವರಿದ್ದರು. ಶಿರಹಟ್ಟಿಯ ಅವಳ ತಾಯಿ ಕರಿಯವ್ವನಿಗೆ ಎರಡೂ ಕಣ್ಣಲ್ಲಿ ಪೊರೆ. ಊರದೇವಿ ದ್ಯಾಮವ್ವನಿಗೆ ಬೆಳ್ಳಿಯ ಕಣ್ಣು ಮಾಡಿಸಿ ಹರಕೆ ಒಪ್ಪಿಸಿದರೂ ಪೊರೆ ಜಗ್ಗಿರಲಿಲ್ಲ. ಮಗಳು ಹೊರಟಾಗ ಮುದುಕಿ ಅವಳ ಕೈ ಹಿಡಿದು, “ನನಗಂತೂ ನಮ್ಮ ಅಂಗಳದಾಗ ಇದ್ದದ್ದೂ ಕಾಣೂದಿಲ್ಲವಾ. ನೀ ಎಲ್ಲಾ ನೋಡ್ಕೊಂಡು ಬಂದು ನನಗ ಹೇಳು. ಒಂದೂ ಬಿಡಬ್ಯಾಡ, ನಾ ಕುಂತ ಕೇಳ್ತೀನಿ,” ಎಂದಿದ್ದಳು. ಫಕ್ಕೀರವ್ವ ಆಗಲೆಂದು ಮಾತು ಕೊಟ್ಟಿದ್ದಳು. ಈಗ ಹೋಗಿ ಹೇಳುವುದಾದರೆ ಬೂಟಿನ ಕಥೆಯನ್ನೇ ಹೇಳಬೇಕಿತ್ತು.

ರೋಮಿನ ಕೋಣೆ ಸಿಗುವುದು ಶನಿವಾರ, ಪಾಠ ಶುರುವಾಗುವುದು ಸೋಮವಾರ. ಅಲ್ಲಿಯತನಕ ನೇಪಲ್ಸಿನಲ್ಲಿ ಕಡಿಮೆ ಬಾಡಿಗೆಯ ಒಂದು ಮಾಳಿಗೆ ಕೋಣೆ ಹಿಡಿದು, ಊರು ನೋಡುವುದೆಂದು ಮಾಸ್ತರ ನಿಶ್ಚಯಿಸಿದ. ಇಲ್ಲಿಯ ಕ್ರೈಸ್ತರ ಗುಡಿ ನೋಡಲಿಕ್ಕೆ ಟಿಕೀಟು ಇಲ್ಲ, ಆದ್ದರಿಂದ ಗುಡಿಗಳನ್ನೇ ನೋಡುವುದು. ಕಾಲಿದ್ದವರಿಗೆ ಟ್ರಾಮ್ ಯಾಕೆ, ಆದ್ದರಿಂದ ನಡೆಯುವುದು. ಕೋಣೆಯಲ್ಲಿ ಸ್ಟೋ ಹಚ್ಚಬಾರದೆಂದು ಮಾಲಕಿ ಕೈಸನ್ನೆ ಮಾಡಿ ಹೇಳಿದ್ದರಿಂದ, ಊರಿಂದ ತಂದ ಕಡಕ್ ರೊಟ್ಟಿಯನ್ನೇ ತಿನ್ನುವುದು. ಹಡಗಿನ ಓಲಾಟಕ್ಕೆ ಆ ರೊಟ್ಟಿ ನುಚ್ಚಾಗಿತ್ತು. ಶೇಂಗಾ ಹಿಂಡಿಯ ಚಟ್ನಿಪುಡಿ ಕಲಸಿ, ಸಂತೆಯಲ್ಲಿ ಕೊಂಡ ಟೊಮೆಟೊ ಕಚ್ಚಿಕೊಂಡು, ಬೀದಿ ಬದಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ನುಂಗುತ್ತಿದ್ದರು. ಎದುರಿಗೆ ಒಬ್ಬಳು ಬಾಣಲೆಯಲ್ಲಿ ಹಿಟ್ಟಿನ ಉಂಡೆ ಕರಿಯುತ್ತಿದ್ದರೆ ಆ ವಾಸನೆಗೆ ಫಕ್ಕೀರವ್ವನ ಬಾಯಲ್ಲಿ ನೀರೂರುತ್ತಿತ್ತು. “ಯಾವ ಎಣ್ಣಿಯೋ, ಯಾವ ಕೊಬ್ಬೋ. ಆ ಕಡಿ ನೋಡಬ್ಯಾಡ,” ಎನ್ನುತ್ತಿದ್ದ ಮಾಸ್ತರ. ನೋಡುವುದಕ್ಕೂ ಅವನ ಅಪ್ಪಣೆ ಬೇಕಾಗಿತ್ತು.

ಮೊದಲ ಗುಡಿಯ ಬಾಗಿಲಲ್ಲೇ ಬೂಟಿನ ಪ್ರಶ್ನೆ ಎದ್ದಿತ್ತು. ಇಬ್ಬರೂ ತಾವಾಗಿಯೇ ಮೆಟ್ಟಿಲ ಕೆಳಗೆ ಕಾಲ್ಮರಿ ಕಳೆದರು. ಆಮೇಲೆ ಮಾಸ್ತರನಿಗೆ ನೆನಪಾಯಿತು, ಈ ಊರಲ್ಲಿ ಕಳ್ಳರು ಕಾಲಲ್ಲಿ ಕಾಲುಚೀಲವನ್ನಷ್ಟೇ ಬಿಟ್ಟು ಬೂಟು ಎಳೆದೊಯ್ಯುತ್ತಾರೆಂದು ಹಡಗಿನಲ್ಲಿ ಯಾರೋ ಹೆದರಿಸಿದ್ದು. ಊರಿನ ಜಾತ್ರೆಯಲ್ಲೇ ಚಪ್ಪಲಿ ಉಳಿಯುವುದಿಲ್ಲ, ಇನ್ನು ಇಲ್ಲಿ ಉಳಿದೀತೆ. “ನೀ ಇಲ್ಲೇ ಕುಂಡ್ರು. ನಾ ಜಲ್ದಿ ನೋಡಿ ಬರ್ತೀನಿ. ಆಮ್ಯಾಲೆ ನೀ ಹೋಗುವಂತಿ.”

ಫಕ್ಕೀರವ್ವ ಸೆರಗು ತಲೆ ಮೇಲೆ ಹೊದ್ದು ಕೂತಳು. ಕೂತ ಸ್ವಲ್ಪ ಹೊತ್ತಿಗೇ ಅವಳಿಗೆ ತಿಳಿಯಿತು, ಬರುವವರು ಹೋಗುವವರು ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದಾರೆ. ಮಾಸ್ತರ ಬಂದಾಗ ಹೇಳಿದಳು. “ಅವರು ಹೋಗ್ಲಿ,” ಎಂದ ಅವನು. “ಯಾರ ದೇವರಾದ್ರೇನು, ಬೂಟು ಹಾಕ್ಕೊಂಡ ಹೊಸ್ತಿಲಾ ದಾಟಾಕ ನನಗಂತೂ ಕಾಲು ಬರೂದಿಲ್ಲ.” ಅದು ಅವಳಿಗೂ ಒಪ್ಪಿಗೆಯೇ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರಸ್ವಾಮಿಯ ಹೆಸರು ಹೊತ್ತವಳಿಗೆ ಆ ದೇವರು ಈ ದೇವರು ಎಂಬ ಭೇದ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವುದು ಮಾತ್ರ ಆಗದ ಮಾತು.

ಆದರೆ ಮಾಸ್ತರನ ‘ಜಲ್ದಿ’ ಎಂದರೆ ಒಂದು ತಾಸಿನ ಮೇಲೆ. ಅವನು ಹೊರಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚುವ ಹೊತ್ತಾಗಿರುತ್ತಿತ್ತು, ಇಲ್ಲವೇ ಊಟದ ಹೊತ್ತು, ಇಲ್ಲವೇ ಮಳೆ. “ಮುಂದಿನ ಗುಡಿಗೆ ನೀ ಹೋಗು,” ಎನ್ನುತ್ತಿದ್ದ. ಮುಂದಿನ ಗುಡಿ ಬಂದಾಗ ಮತ್ತೆ ಅವನೇ ಬೂಟಿನ ಲೇಸು ಬಿಚ್ಚುತ್ತಿದ್ದ. ಒಳಗೆ ಏನಿತ್ತೆಂದು ಕೇಳಿದರೆ ಒಂದೇ ಉತ್ತರ. “ಕಂಬ ಅದಾವ. ಮ್ಯಾಲೆ ಚಿತ್ರ ಬರದಾರ. ಭಾಳ ಛಂದ ಐತಿ.”

ಅವಳಿಗೆ ಕಾಲು ನೋವಿಗಿಂತ, ಅರೆಹೊಟ್ಟೆಗಿಂತ ಹೆಚ್ಚು ಚುಚ್ಚಿದ್ದು ಈ ಮಾತು. ಲಕ್ಕುಂಡಿಯ ಒಂದು ಕಂಬದ ಬಗ್ಗೆ ರಾತ್ರಿಯಿಡೀ ಹೇಳುತ್ತಿದ್ದ ಮನುಷ್ಯ ಇವನು. ಅಂಥವನು ಪರದೇಶದ ಇಷ್ಟೊಂದು ಗುಡಿಗಳನ್ನು ನೋಡಿ ಬಂದು ಮೂರೇ ಮಾತು ಆಡುತ್ತಾನೆಂದರೆ, ಇವಳಿಗೆ ಹೇಳಿ ಏನು ಪ್ರಯೋಜನವೆಂದು ತಿಳಿದಿದ್ದಾನೆ. ಅವಳು ಹಾಗೇ ಅಂದುಕೊಂಡಳು, ಮತ್ತು ಅದು ಅವಳ ಎದೆಯಲ್ಲಿ ಉಳಿಯಿತು.

ಆ ಮೂರನೆಯ ದಿನ ನವೆಂಬರ್ ಒಂದನೆಯ ತಾರೀಖು. ಊರಲ್ಲಿ ಅಂದು ಕನ್ನಡ ನಾಡು ಒಂದಾಗುವ ಹಬ್ಬ. ಹರಿದು ಹಂಚಿಹೋದ ನಾಡು ಕೂಡಲೆಂದು ವರ್ಷಗಟ್ಟಲೆ ಕೂಗಿದವರಲ್ಲಿ ಮಾಸ್ತರನೂ ಒಬ್ಬ. ಮೆರವಣಿಗೆಯ ಫಲಕಗಳನ್ನು ಬರೆದುಕೊಟ್ಟು ಬರೆದುಕೊಟ್ಟು ಅವನ ಬೆರಳಿಗೆ ಬಣ್ಣ ಮೆತ್ತಿಯೇ ಇರುತ್ತಿತ್ತು. ಆ ದಿನ ಬಂದಾಗ ಅವನು ನೇಪಲ್ಸಿನ ಒಂದು ಕಟ್ಟೆಯ ಮೇಲೆ ಕೂತು ರೊಟ್ಟಿಯ ನುಚ್ಚು ಮುಕ್ಕುತ್ತಿದ್ದ. “ಇವತ್ತಿನಿಂದ ನಾವು ಮುಂಬೈ ರಾಜ್ಯದವ್ರಲ್ಲ,” ಎಂದ. ಅವಳು “ಹೂಂ” ಎಂದಳು. ಅದಕ್ಕಿಂತ ಹೆಚ್ಚಿನ ಸಂಭ್ರಮಕ್ಕೆ ಇಬ್ಬರಲ್ಲೂ ತ್ರಾಣವಿರಲಿಲ್ಲ.

ಇಲ್ಲಿಯವರಿಗೂ ಅಂದು ಯಾವುದೋ ಹಬ್ಬ. ಮಧ್ಯಾಹ್ನ ಪೂಜೆ ಮುಗಿದು ಜನ ಚದುರಿದ ಮೇಲೆ ಮಾಸ್ತರ ಒಂದು ಹಳೆಯ ಗುಡಿಯ ಒಳಗೆ ಹೋದ. ಬಾಗಿಲಿನ ಆ ಬದಿಗೆ ಒಬ್ಬ ಕುಂಟ ಭಿಕ್ಷುಕ ಕೂತಿದ್ದ, ಈ ಬದಿಗೆ ಫಕ್ಕೀರವ್ವ, ನಡುವೆ ಬೂಟು. ಭಿಕ್ಷುಕ ಅವಳನ್ನು ಆಗಾಗ ದುರುಗುಟ್ಟಿ ನೋಡುತ್ತಿದ್ದ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕರಿಯ ಉಡುಪಿನ ಒಬ್ಬ ಮುದುಕಿ ಗುಡಿಯಿಂದ ಹೊರಬಂದು, ಅವಳ ಬರಿಗಾಲನ್ನೂ ತಲೆಯ ಮೇಲಿನ ಸೆರಗನ್ನೂ ನೋಡಿ, ಏನೋ ಮರುಗಿ ನುಡಿದು, ಮಾಸ್ತರನ ಬೂಟಿನೊಳಗೆ ಒಂದು ನಾಣ್ಯ ಹಾಕಿ ಹೋದಳು.

ಫಕ್ಕೀರವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾದವು. ಏಳು ಸಮುದ್ರ ದಾಟಿ ಬಂದದ್ದು ಗುಡಿಯ ಮುಂದೆ ತಿರುಪೆಯವಳಾಗಿ ಕೂಡಲಿಕ್ಕೆ. ಅವ್ವ ಕೇಳಿದರೆ ಇದನ್ನೇ ಹೇಳಬೇಕು. ಅವಳು ಆ ನಾಣ್ಯವನ್ನು ತೆಗೆದು ಭಿಕ್ಷುಕನ ಟೊಪ್ಪಿಗೆಯಲ್ಲಿ ಹಾಕಿದಳು. ಬೂಟುಗಳನ್ನೂ ತನ್ನ ಚಪ್ಪಲಿಯನ್ನೂ ಸೆರಗಿನಲ್ಲಿ ಸುತ್ತಿ ಬಗಲಲ್ಲಿ ಇರುಕಿಕೊಂಡು ಒಳಗೆ ನಡೆದಳು. ಇಷ್ಟು ಸುಲಭದ ಉಪಾಯ ಮೂರು ದಿನ ಇಬ್ಬರ ತಲೆಗೂ ಹೊಳೆದಿರಲಿಲ್ಲ. ಕಾವಲು ಎಂದರೆ ಹೊರಗೆ ಕೂಡುವುದೇ ಎಂದು ಇಬ್ಬರೂ ನಂಬಿಬಿಟ್ಟಿದ್ದರು.

ಒಳಗೆ ಕತ್ತಲೆ, ಮೇಣದ ವಾಸನೆ, ಕಾಲ ಕೆಳಗೆ ತಣ್ಣನೆಯ ಕಲ್ಲು. ಮಾಸ್ತರ ಎಲ್ಲೋ ಕತ್ತು ಎತ್ತಿ ನಿಂತು ಚಿತ್ರ ನೋಡುತ್ತಿರುತ್ತಾನೆಂದು ಹುಡುಕಿದಳು. ಅವನು ಹಿಂದಿನ ಮೂಲೆಯ ಬೆಂಚಿನಲ್ಲಿ, ಮುಂಡರಗಿ ಬಸ್ಸಿನಲ್ಲಿ ಕೂತವರಂತೆ ಕತ್ತು ವಾಲಿಸಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದ.

ಕಂಬ, ಮೇಲಿನ ಚಿತ್ರ, ‘ಭಾಳ ಛಂದ’, ಎಲ್ಲದರ ಗುಟ್ಟೂ ಅವಳಿಗೆ ಒಮ್ಮೆಗೇ ತಿಳಿಯಿತು. ಸಿಟ್ಟು ಬಂತು. ಸೆರಗು ಬಿಚ್ಚಿ ಬೂಟುಗಳನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನು ಬೆಚ್ಚಿ ಎದ್ದ.

“ಮೂರು ದಿನಾನೂ ಇದ ಮಾಡೀರೇನು?” ಎಂದಳು.

ಸುಳ್ಳು ಹೇಳುವಷ್ಟು ಎಚ್ಚರ ಅವನಿಗಿನ್ನೂ ಬಂದಿರಲಿಲ್ಲ. “ರಾತ್ರಿ ಕಣ್ಣು ಹತ್ತೂದಿಲ್ಲ ಫಕ್ಕೀರವ್ವಾ,” ಎಂದ. “ಸೋಮವಾರ ರೋಮಿನಾಗ ಪಾಠ ಹೇಳವ್ರು ಮಾತಾಡಿದ್ದು ನನಗ ಏನೂ ತಿಳೀಲಿಲ್ಲಂದ್ರ? ಊರಾಗ ಹಾರ ಹಾಕಿಸ್ಕೊಂಡು ಬಂದೀನಿ, ಯಾವ ಮಾರಿ ಹೊತ್ತು ತಿರುಗಿ ಹೋಗ್ಲಿ? ಇಲ್ಲಿ ಬಂದು ಕುಂತ್ರ ಅಷ್ಟ, ತಂಪ ಇರತೈತಿ, ಯಾರೂ ಏನೂ ಕೇಳೂದಿಲ್ಲ.”

“ನನಗ ಹೇಳಬಾರದಾಗಿತ್ತೇನು?”

“ನಿನ್ನ ಮುಂದಾದ್ರೂ ಧೈರ್ಯಸ್ಥ ಇರಬೇಕಂತ ಮಾಡಿದ್ದೆ.”

ಬಾಡಿದ ಆ ಮುಖ ನೋಡಿ ಅವಳಿಗೆ ಅಯ್ಯೋ ಎನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು. “ಆತು, ಹಂಗ ಕುಂಡ್ರಿ,” ಎಂದಳು. “ಬೂಟು ಕಾಯ್ರಿ. ನಾ ನೋಡಿ ಬರ್ತೀನಿ.”

ಅವಳು ನಡುವಿನ ದಾರಿಯಲ್ಲಿ ನಿಧಾನ ನಡೆದಳು. ಒಂದು ಪಕ್ಕದ ಗೂಡಿನ ಮುಂದೆ ಕಾಲು ತಾನಾಗಿ ನಿಂತಿತು. ಗೋಡೆಯ ತುಂಬ ಬೆಳ್ಳಿಯ ತಗಡುಗಳು ತೂಗುತ್ತಿದ್ದವು. ಬೆಳ್ಳಿಯ ಕೈ, ಬೆಳ್ಳಿಯ ಕಾಲು, ಜೋಡಿ ಜೋಡಿಯಾಗಿ ಬೆಳ್ಳಿಯ ಕಣ್ಣು. ನಡುವೆ ಒಬ್ಬ ಹೆಣ್ಣುದೇವರು ಸಣ್ಣ ತಾಟಿನಲ್ಲಿ ಎರಡು ಕಣ್ಣುಗಳನ್ನು ಇಟ್ಟುಕೊಂಡು ನಿಂತಿದ್ದಳು. ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಇಲ್ಲಿಯೂ ಯಾರ್ಯಾರ ಅವ್ವಂದಿರಿಗೋ ಪೊರೆ ಬಂದಿತ್ತು. ಫಕ್ಕೀರವ್ವ ಕೈಮುಗಿದಳು, ಅತ್ತಳು, ಕಣ್ಣೊರೆಸಿಕೊಂಡು ತಾಟಿನ ಅಂಚಿನಿಂದ ಹಿಡಿದು ಪ್ರತಿಯೊಂದನ್ನೂ ಮನಸ್ಸಿನಲ್ಲಿ ತುಂಬಿಕೊಂಡಳು. ತಿರುಗಿ ನೋಡಿದಾಗ ದೂರದಲ್ಲಿ ಮಾಸ್ತರ ಬೂಟುಗಳನ್ನು ಎದೆಗವಚಿಕೊಂಡು, ಎದ್ದು ಬರಲೂ ಧೈರ್ಯವಿಲ್ಲದೆ, ಅವಳ ದಾರಿ ಕಾಯುತ್ತಿದ್ದ. ಅವಳು ಅವಸರ ಮಾಡಲಿಲ್ಲ. ಆ ಬದಿಯ ಗೂಡುಗಳನ್ನೂ ನೋಡಿ ಮುಗಿಸಿದಳು.

ಕೊನೆಗೆ ಬಂದು ಅವನ ಪಕ್ಕದಲ್ಲಿ ಕೂತಾಗ ಅವನು ಮೆಲ್ಲಗೆ ಕೇಳಿದ, “ಏನೇನ ಐತಿ ಅಲ್ಲಿ?”

“ಕಂಬ ಅದಾವ,” ಎಂದಳು ಫಕ್ಕೀರವ್ವ. “ಮ್ಯಾಲೆ ಚಿತ್ರ ಬರದಾರ. ಭಾಳ ಛಂದ ಐತಿ.”

ಮಾಸ್ತರ ತಲೆ ತಗ್ಗಿಸಿ ಎರಡೂ ಬೂಟಿನ ಲೇಸು ಕೂಡಿಸಿ ಗಂಟು ಹಾಕತೊಡಗಿದ. ಅವಳು ನೋಡಿದ್ದೆಲ್ಲ ಅವ್ವನಿಗೆ ಹೇಳಲಿಕ್ಕೆ ಮೀಸಲಾಗಿತ್ತು.