ತೊಗಲಿನ ಉಪ್ಪಿನಕಾಯಿ

ಹಂದಿ ಖಂಡದ ಊಟಕ್ಕೆ ದೇವದುರ್ಗದಲ್ಲಿ ಗದ್ದೆಮ್ಮನ ಖಾನಾವಳಿ ಹೆಸರುವಾಸಿ. ಖಂಡ ಕೊಯ್ಯುವವನು ಗಂಡ ಹಂಪಣ್ಣ, ಬಡಿಸುವವನು ಮಗ ನಾಗೇಶ. ಒಲೆಯ ಮುಂದೆ ಮಾತ್ರ ಗದ್ದೆಮ್ಮನದೇ ರಾಜ್ಯ. ಪೋತ್ನಾಳದಿಂದ ಬಂದ ಸೊಸೆ ಮಲ್ಲಿಕಾಗೆ ಮದುವೆಯಾಗಿ ವರ್ಷ ಕಳೆದರೂ ಉಳ್ಳಾಗಡ್ಡಿ ಹೆಚ್ಚುವುದಕ್ಕಿಂತ ದೊಡ್ಡ ಬಡ್ತಿ ಸಿಕ್ಕಿರಲಿಲ್ಲ.

ಆ ಮಲ್ಲಿಕಾ ಒಂದು ದಿನ ಅತ್ತೆಯ ಮೂಗಿನ ಮುಂದೆ ಫೋನ್ ಹಿಡಿದಳು. ಅದರಲ್ಲಿ ಮೆಕ್ಸಿಕೋ ದೇಶದ ಮುದುಕಿಯೊಬ್ಬಳು ಹಂದಿಯ ತೊಗಲನ್ನು ಮೆತ್ತಗೆ ಬೇಯಿಸಿ, ಉದ್ದುದ್ದ ಕೊಯ್ದು, ಗಜ್ಜರಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಜೊತೆ ಜಾಡಿಗೆ ತುಂಬುತ್ತಿದ್ದಳು. ಅಲ್ಲಿ ಇದು ಅಜ್ಜಿ ಮುತ್ತಜ್ಜಿಯರ ಕಾಲದ ತಿನಿಸಂತೆ. ನಾವು ಮಿರ್ಚಿ ಭಜಿ ತಿಂದಂತೆ ಅವರು ನಿಂಬೆ ಹಿಂಡಿ, ಖಾರ ಉದುರಿಸಿ, ಬೀದಿಯಲ್ಲಿ ನಿಂತೇ ತಿನ್ನುತ್ತಾರಂತೆ.

"ತೊಗಲಿನ ಉಪ್ಪಿನಕಾಯಿ ರೀ ಅತ್ತಿ. ನಮ್ಮ ಬೋರ್ಡಿನ್ಯಾಗ ನಂದೂ ಇದೊಂದು ಬರಸ್ರಿ."

ಗದ್ದೆಮ್ಮನ ಕಣ್ಣು ಜಾಡಿಯ ಮೇಲಿರಲಿಲ್ಲ. "ಆ ಮುದುಕಿ ಮಗ್ಗಲದಾಗ ನಿಂತಾಕಿ ಯಾರು ಬೇ?"

"ಸೊಸಿ ಇರಬೇಕ್ರಿ."

"ಹೆಂಗ ಸುಮ್ನ ನಿಂತಾಳ ನೋಡು!"

ಅಷ್ಟಕ್ಕೇ ಅವಳಿಗೆ ಆ ದೇಶದ ಮೇಲೆ ಅಭಿಮಾನ ಬಂತು. ಆ ಖುಷಿಯಲ್ಲೇ ಒಂದು ಕರಾರು ಹಾಕಿದಳು. "ಬರೋ ಐತವಾರ ಮಂದಿಗೆ ಇಡು. ಒಬ್ಬರಾದ್ರೂ ಎರಡನೇ ಸಲ ಕೇಳಿದ್ರ ಬೋರ್ಡಿಗೆ ಬರಸ್ತೀನಿ. ಇಲ್ಲಾಂದ್ರ ಈ ಮಾತು ಮತ್ತ ಎತ್ತಬಾರದು."

ಮಲ್ಲಿಕಾ ಗಂಡನ ಕೈಲಿ ರಾಯಚೂರಿನಿಂದ ವಿನೆಗರ್ ತರಿಸಿದಳು. ಗೋಬಿ ಮಂಚೂರಿ ಗಾಡಿಯವರು ಹಾಕುತ್ತಾರಲ್ಲ, ನೀರಿನಂಥ ಆ ಹುಳಿ. ಇಡೀ ದಿನ ಬೆನ್ನು ಬಗ್ಗಿಸಿ ತೊಗಲು ಕೊಯ್ದಳು. ಅತ್ತೆ ಮಲಗಿದ್ದಾಗ ಜಾಡಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು. ಮರುದಿನ, "ಮುಟ್ಟಬ್ಯಾಡ್ರಿ ಅತ್ತಿ, ಐತವಾರ ಮುಂಜಾನಿ ಬರ್ತೀನಿ" ಎಂದು ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ತವರಿನ ಬಸ್ಸು ಹತ್ತಿದಳು.

ಮುಟ್ಟಬೇಡ ಎಂದ ಮೇಲೆ ಗದ್ದೆಮ್ಮನ ಕೈ ಸುಮ್ಮನಿರುತ್ತದೆಯೇ? ಶುಕ್ರವಾರ ಬಟ್ಟೆ ಬಿಚ್ಚಿ ಇಣುಕಿದಳು. ಜಾಡಿ ತುಂಬ ನೀರು! ಹುಳಿ ವಾಸನೆ ಬೇರೆ. ಒದ್ದೆ ಚಮಚ ತಾಗಿದರೂ ಉಪ್ಪಿನಕಾಯಿ ಕೆಟ್ಟಿತೆಂದು ಮನೆಯೆಲ್ಲ ರಂಪ ಎಬ್ಬಿಸುವ ಹೆಂಗಸು ಅವಳು.

"ಅಯ್ಯ, ಉಪ್ಪಿನಕಾಯಿ ನೀರು ಬಿಟ್ಟಾದ ನೋಡ್ರಿ" ಎಂದು ಗಂಡನನ್ನು ಕೂಗಿದಳು.

"ನಾನಂತೂ ಏನೂ ನೋಡಿಲ್ಲ" ಎಂದು ಹಂಪಣ್ಣ ಮುಖ ತಿರುವಿದ.

ಸುಮ್ಮನಿದ್ದರೆ ಕರಾರು ಗದ್ದೆಮ್ಮ ಗೆದ್ದಂತೆಯೇ. ಆದರೆ ಬೆನ್ನು ಬಗ್ಗಿಸಿ ತೊಗಲು ಕೊಯ್ಯುತ್ತಿದ್ದ ಹುಡುಗಿಯ ಮುಖ ನೆನಪಾಯಿತು. ಫೋನ್ ಮಾಡಿದರೆ ತೊಟ್ಟಿಲ ಮುಂದೆಯೇ ಅಳುತ್ತಾ ಕೂರುತ್ತಾಳೆ. ನಾಲ್ಕು ಜನರ ಮುಂದೆ ಅವಳ ಮಾನ ಹೋಗುವುದು ಬೇಡ ಎನಿಸಿತು. ನೀರೆಲ್ಲ ಬಚ್ಚಲಿಗೆ ಬಸಿದಳು. ತೊಗಲಿನ ಚೂರುಗಳನ್ನು ಸಂಡಿಗೆಯಂತೆ ಮಾಳಿಗೆಯ ಮೇಲೆ ಹರವಿ, ಕಾಗೆ ಕಾಯಲು ಏನೂ ನೋಡದ ಹಂಪಣ್ಣನನ್ನೇ ಕೂರಿಸಿದಳು. ದೇವದುರ್ಗದ ಬಿಸಿಲು ಉಳಿದ ಕೆಲಸ ಮಾಡಿತು.

ಐತವಾರ ಮಲ್ಲಿಕಾ ಬಂದವಳೇ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಕರ್ರಗಿದ್ದ ಹಿತ್ತಾಳೆ ಕೊಡದ ಒಂದು ಮಗ್ಗುಲು ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಫಳಫಳ ಹೊಳೆಯುತ್ತಿತ್ತು. ಅವಳ ಮುಖ ಬಾಡಿತು.

"ಅತ್ತಿ, ಜಾಡಿ ಚೆಲ್ಲೀರೇನು? ಅದು ನೀರಲ್ರಿ, ವಿನೆಗರ್. ಅದರಾಗ ನೆನೀಬೇಕಿತ್ತು."

ಗದ್ದೆಮ್ಮ ಮಾಳಿಗೆಯಿಂದ ಒಣಗಿದ ಚೂರುಗಳ ಮೊರ ತಂದು ಸೊಸೆಯ ಮುಂದಿಟ್ಟಳು. ಅಷ್ಟರಲ್ಲಿ ಪಕ್ಕದ ಗೂಗಲ್ ಹಳ್ಳಿಯ ಟ್ರ್ಯಾಕ್ಟರ್ ಡ್ರೈವರ್ ಹುಸೇನಪ್ಪ ಬಂದು ಕೂತು, "ಏನೋ ಹೊಸಾದು ಅದ ಅಂದಿದ್ರಲ್ಲ, ತರ್ರಿ" ಎಂದ. ಬೇರೆ ದಾರಿಯಿಲ್ಲದೆ ಗದ್ದೆಮ್ಮ ಒಣಗಿದ ಚೂರುಗಳನ್ನು ಕಾದ ಎಣ್ಣೆಗೆ ಬಿಟ್ಟಳು. ಅವು ಚಟಪಟ ಎಂದು ಬೆಳ್ಳಗೆ ಉಬ್ಬಿ ಬಾಣಲೆ ತುಂಬಿದವು. ಮಲ್ಲಿಕಾ ಕಣ್ಣೊರೆಸಿಕೊಂಡು ನಿಂಬೆ ಹಿಂಡಿ, ಖಾರ ಉದುರಿಸಿ ತಟ್ಟೆ ಕೊಟ್ಟಳು.

ಹುಸೇನಪ್ಪ ಕುರುಕುರು ತಿಂದು ತಟ್ಟೆ ಮುಂದೆ ಚಾಚಿದ. "ಹುಳಿ ಎಷ್ಟು ಛಂದ ಹಿಡದಾದರೀ! ಇನ್ನೊಂದೀಟು."

"ಕೇಳಿದ ನೋಡು! ಗೆದ್ದಿ ಬೇ" ಎಂದು ಗದ್ದೆಮ್ಮ ಸೊಸೆಗಿಂತ ಜೋರಾಗಿ ಕುಣಿದಾಡಿದಳು.

ಮಲ್ಲಿಕಾ ತಲೆಯಾಡಿಸಿದಳು. "ಇದು ನಿಮ್ದಾತ್ರಿ ಅತ್ತಿ. ನಂದು ಇಲ್ಲಿ ಅದ ನೋಡ್ರಿ." ಜಾಡಿಯ ತಳಕ್ಕೆ ಅಂಟಿ ಉಳಿದಿದ್ದ ಎರಡು ಚೂರು ಕೆರೆದು, ನಿಂಬೆ ಹಿಂಡಿ ಅತ್ತೆಯ ಬಾಯಿಗಿಟ್ಟಳು.

ಹುಳಿ, ಖಾರ, ತಂಪು. ಹಲ್ಲಿಗೆ ಮೆತ್ತಗೆ ಪುಟಿಯುವ ತೊಗಲು. ಗದ್ದೆಮ್ಮ ನಿಧಾನವಾಗಿ ಅಗಿದು ನುಂಗಿದಳು. ಇಂಥದ್ದನ್ನು ಬಚ್ಚಲಿಗೆ ಬಸಿದೆನಲ್ಲಾ ಎಂದು ಹಳಹಳಿಸಿದಳು.

"ಕೆಟ್ಟಿರಲಿಲ್ಲ ಬಿಡು" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದಿನ ಮಣೆ ಬಿಟ್ಟು ಎದ್ದಳು. "ನಾಗೇಶಾ, ಬೋರ್ಡಿನ್ಯಾಗ ಎರಡು ಸಾಲು ಬರಿ. ಮ್ಯಾಲಿಂದು ಮಲ್ಲಿಕಾಂದು. ಬಾ ಯವ್ವಾ, ಇಲ್ಲಿ ಕೂಡು. ಇವತ್ತಽ ಮತ್ತ ತೊಗಲು ಕುದಿಯಾಕ ಇಡು."

ಮಲ್ಲಿಕಾ ಮಣೆಯ ಮೇಲೆ ಕೂತು ಸೌಟು ಹಿಡಿದಳು. ಗದ್ದೆಮ್ಮ ಆ ಮೆಕ್ಸಿಕೋ ಸೊಸೆಯಂತೆ ಮಗ್ಗುಲಲ್ಲಿ ನಿಂತಳು. ಸುಮ್ಮನೆ ನಿಲ್ಲುವುದು ಮಾತ್ರ ಅವಳಿಂದಾಗಲಿಲ್ಲ.