ಕೈ ಎತ್ತುವ ಜಾಗ

ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗಿದೆ ಚಿಕ್ಕಮ್ಮ, ಇದನ್ನ ನೃತ್ಯ ಅಂತಾರಾ, ಅಂದುಬಿಟ್ಟಳಲ್ಲ, ಐಸಿನ ನಟ್ಟನಡುವೆ ನಿಂತು, ನನ್ನ ಅಕ್ಕನ ಮಗಳು, ನಾನೇ ಸ್ಕೇಟು ಕಟ್ಟಿ ಜಾರಲು ಕಲಿಸಿದವಳು — ಬಸ್ಸಂತೆ, ನಿನ್ನ ತಲೆ, ಪಿಟೀಲು ಅಷ್ಟೊಂದು ಅಳುವಾಗ ಬಲಗೈ ಮೇಲೇಳಬೇಕು, ಮೊದಲು ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು, ಹೋದವರನ್ನು ಕರೆಯುವ ಹಾಗೆ, ಎಂದು ಬೇಸಿಗೆಯಿಂದ ಬಡಕೊಳ್ಳುತ್ತಿದ್ದೇನೆ, ಇವಳು ಎತ್ತುವುದು ಮೇಷ್ಟ್ರು ಹಾಜರಿ ಕೂಗಿದಾಗ ಎತ್ತುವ ಕೈ, ಅಕ್ಕನೂ ಹೀಗೇ, ಮದುವೆ ಫೋಟೋದಲ್ಲೂ ಸೆಟೆದುಕೊಂಡೇ ನಿಂತಿದ್ದಾಳೆ — ಯಾರು ಹೋಗಿದಾರೆ ಅಂತ ಕರೀಲಿ, ನಮ್ಮನೇಲಿ ಎಲ್ಲರೂ ಗಟ್ಟಿಯಾಗಿದಾರಲ್ಲ, ಅಂತಾಳೆ, ನಾನು ಸತ್ತೆ ಅಂದ್ಕೊಳ್ಳೇ, ಅಂದೆ, ಕಣ್ಣು ಮುಚ್ಚಿ ಅಂದುಕೊಂಡಳು, ನಗು ಬಂತು ಅವಳಿಗೆ. ಅವಳಿಗೆ ಬೇಕಾದ್ದು ಡೋಲು, ಡಬಡಬ ಬಡಿತಕ್ಕೆ ಜಿಗಿಜಿಗಿದು ಇಳಿಯಬೇಕಂತೆ, ಜಿಗಿತಕ್ಕೇ ಅಂಕ ಜಾಸ್ತಿಯಂತೆ, ಕಪ್ಪೆಯೂ ಜಿಗಿಯುತ್ತೆ, ಕೊಡು ಅದಕ್ಕೂ ಅಂಕ — ಈ ರಾಗ ಮೊದಲು ಕಿವಿಗೆ ಬಿದ್ದಾಗ ನಾನು ಪಾತ್ರೆ ತೊಳೆಯುತ್ತಿದ್ದೆ, ಸೋಪಿನ ಕೈ ತಾನಾಗಿ ಮೇಲೆದ್ದಿತು, ನೊರೆ ಮೊಣಕೈಯಿಂದ ಕಂಕುಳಿಗೆ ಇಳಿಯಿತು, ಅಲ್ಲೇ ಗೊತ್ತಾಯಿತು, ಆ ಒಂದು ಕೈಯಿಂದ ಹಿಂದಕ್ಕೆ ಇಡೀ ನೃತ್ಯ ಕಟ್ಟುತ್ತ ಬಂದೆ, ಎಲ್ಲಿ ಸುತ್ತು, ಎಲ್ಲಿ ಜಾರು, ಎಲ್ಲಿ ಉಸಿರು, ಎಲ್ಲವೂ ಹರಿದು ಅಲ್ಲಿಗೇ ಸೇರಲಿ ಅಂತ, ಭಾನುವಾರ ಸ್ಪರ್ಧೆ, ಆ ಕೈ ಏಳದಿದ್ದರೆ ಉಳಿಯುವುದು ಐಸು ಗುಡಿಸಿದಷ್ಟೇ — ನನ್ನ ಮೊಣಕಾಲು ನೆಟ್ಟಗಿದ್ದಿದ್ರೆ ನಿನ್ನ ಕಾಲು ಹಿಡೀತಿರಲಿಲ್ಲ, ನಾನೇ ಇಳೀತಿದ್ದೆ, ಅಂದೆ, ಇಳಿ ಹಾಗಾದ್ರೆ, ಅಂದಳು, ಮರದ ಕೊರಡು ಕಣೇ ನೀನು, ಅಂದೆ, ಸ್ವಲ್ಪ ಜೋರಾಯಿತೇನೋ, ಬೆಂಚಿನ ಮೇಲಿದ್ದ ತಾಯಂದಿರೆಲ್ಲ ಹೆಣಿಗೆ ನಿಲ್ಲಿಸಿದರು — ಸ್ಕೇಟಿನ ಗಂಟು ಬಿಡಿಸಲಿಲ್ಲ, ಕಿತ್ತು ಎಸೆದಳು, ಶೂ ಮೆಟ್ಟಿ ಹೊರಟೇಬಿಟ್ಟಳು, ಹೋಗಲಿ, ಹಸಿವಾದರೆ ಬರುತ್ತಾಳೆ, ಊಟದ ಡಬ್ಬಿ ನನ್ನ ಚೀಲದಲ್ಲೇ ಇದೆ — ಹಾಡನ್ನು ಯಾರೂ ನಿಲ್ಲಿಸಿಲ್ಲ, ಗಾಜಿನ ಗೋಡೆಯಾಚೆ ರಸ್ತೆ ಬದಿಗೆ ನಿಂತಿದ್ದಾಳೆ, ಬೆನ್ನು ಈ ಕಡೆ, ಭುಜ ಅಲುಗುತ್ತಿದೆ, ಅಳುತ್ತಿದ್ದಾಳೋ ಏನೋ, ಕೊರಡಂತೆ, ನನ್ನ ಬಾಯಿಗಷ್ಟು ಮಣ್ಣು ಹಾಕ — ಪಿಟೀಲು ಏರುತ್ತಿದೆ, ಏರುತ್ತಿದೆ, ಈಗ, ಈಗ ಕಣೇ, ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು, ಅಯ್ಯೋ ಅದೇ, ಅದೇ ಕೈ, ಹಾಗೇ ಇರು, ಇಳಿಸಬೇಡ — ಬಸ್ಸು ನಿಂತಿತು, ಹತ್ತಿದಳು, ತಿರುಗಿ ನೋಡಲಿಲ್ಲ, ಬಸ್ಸು ಹೋಯಿತು, ಗಾಜಿನಲ್ಲಿ ಇನ್ನೂ ಒಂದು ಕೈ ಎದ್ದೇ ಇದೆ, ಮೊಣಕೈ, ಮಣಿಕಟ್ಟು, ಬೆರಳು, ನನ್ನದು