ಅಣ್ಣನ ಕಡೆಯ ಕುಣಿಕೆ

“ಸಾಲ್ತಿಲ್ಲಪ್ಪ, ಬೆರಳಿಗೆ ಕಚ್ತಿದೆಯಂತೆ. ಇವ್ರದು ಕೈಯಲ್ಲ, ಮೊರ,” ಎನ್ನುತ್ತ ಮಗಳು ಪಟ್ಟಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟಳು. ಹಿಂದೆ ನಿಂತಿದ್ದ ಓಟದ ಹೊಸ ಜೊತೆಗಾರ ಕೆಂಪಾದ ಬೆರಳುಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡ.

ದರ್ಜಿ ತಲೆಯೆತ್ತಲಿಲ್ಲ. ಗೇಣುದ್ದದ ಬಟ್ಟೆಯ ಪಟ್ಟಿ. ಎರಡು ತುದಿಗೂ ಒಂದೊಂದು ಕುಣಿಕೆ. ಕಣ್ಣು ಕಾಣದ ಮಗಳು ಒಂದಕ್ಕೆ ಬೆರಳು ತೂರಿಸಿದರೆ, ಅವಳ ಕಣ್ಣಾಗಿ ಪಕ್ಕದಲ್ಲಿ ಓಡುವವನು ಇನ್ನೊಂದಕ್ಕೆ. ಅಣ್ಣ ತಂಗಿ ಹೀಗೆಯೇ ವರ್ಷಗಟ್ಟಲೆ ಓಡಿದ್ದರು. ಆ ಇನ್ನೊಂದು ಕುಣಿಕೆ, ಮಗನ ಕೈಯನ್ನು ಇದೇ ಮೇಜಿನ ಮೇಲಿಡಿಸಿ, ಅಳತೆ ತೆಗೆದು ಹೊಲಿದದ್ದು. ಅವನ ಬೆವರಿಗೆ ಕಪ್ಪಾಗಿತ್ತು. ಹೋದ ವರ್ಷ ಜ್ವರ ತಲೆಗೇರಿ ಮಗ ತೀರಿಕೊಂಡ. ಈಗ ಹಲವು ದೇಶಗಳ ಕ್ರೀಡಾಕೂಟಕ್ಕೆ ಮಗಳು ಹೊರಟಿದ್ದಳು.

“ನಾಳೆ ಮಾಡಿಡ್ತೀನಿ, ಬಿಡು,” ಎಂದ.

ಮಾರನೆಯ ದಿನ ಅವನು ಕೊಟ್ಟದ್ದು ಹೊಸ ಪಟ್ಟಿ. ಅದೇ ಬಗೆಯ ಬಟ್ಟೆ, ಅದೇ ಉದ್ದ. ಮಗಳು ಹೆಬ್ಬೆರಳಿನಿಂದ ಒಮ್ಮೆ ಸವರಿದಳಷ್ಟೆ.

“ಹಳೇದೆಲ್ಲಿ?”

“ದೇವರ ಗೂಡಲ್ಲಿ ಇಟ್ಟಿದೀನಿ.”

“ದೇವ್ರೇನು ಓಡ್ತಾನಾ?”

“ಹಾಗೆಲ್ಲ ಅನ್ಬಾರ್ದು, ಮಗಾ. ಅದು ಅವ್ನ ಅಳತೆ. ಬಿಚ್ಚಿಬಿಟ್ರೆ ಮತ್ತೆ ಯಾರ ಕೈ ಇಟ್ಟು ಅಳೀಲಿ?”

ಮಗಳು ಅವನ ಮೊಣಕಾಲಿನ ಬಳಿ ಕುಳಿತಳು. “ತಿರುವು ಬಂದ್ರೆ ಅಣ್ಣ ಪಟ್ಟೀನ ಇಷ್ಟೇ ಇಷ್ಟು ಒತ್ತೋನು. ಅದು ಆ ಬಟ್ಟೆಗೆ ಗೊತ್ತು, ನನ್ನ ಕೈಗೆ ಗೊತ್ತು. ಹೊಸದ್ರಲ್ಲಿ ನಂಗೇನೂ ಕಾಣ್ಸಲ್ಲಪ್ಪ.”

ದರ್ಜಿ ಎದ್ದು ಕೈಕಾಲು ತೊಳೆದು ಬಂದ. ದೇವರ ಮುಂದೆ ಕಣ್ಣು ಮುಚ್ಚಿ ನಿಂತ. ಏನು ಬೇಡಬೇಕೆಂದು ಹೊಳೆಯಲಿಲ್ಲ. ಹಳೆಯ ಪಟ್ಟಿಯನ್ನು ತಂದು, ಮಗನ ಕಡೆಯ ಕುಣಿಕೆಯ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಒಂದೊಂದಾಗಿ ಬಿಡಿಸಿದ. ಮಡಿಕೆಯೊಳಗೆ ಬಟ್ಟೆ ಮೊದಲ ದಿನದಂತೆ ಬೆಳ್ಳಗಿತ್ತು.

“ಕೈ ಕೊಡಪ್ಪ,” ಎಂದು ಹೊಸಬನನ್ನು ಕರೆದ. “ಅಲುಗಾಡಿಸ್ಬೇಡ.”

ಮಗನ ಕೈಯಿದ್ದ ಜಾಗದಲ್ಲೇ ಅದನ್ನಿಡಿಸಿ, ಅಳತೆ ತೆಗೆದು, ಕುಣಿಕೆಯನ್ನು ಸಡಿಲವಾಗಿ ಹೊಲಿದ.

ಓಟದ ದಿನ ಪಕ್ಕದ ಕ್ಷೌರದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಸೋಪಿನ ಮುಖದಲ್ಲೇ ಟಿ.ವಿ.ಯತ್ತ ತಿರುಗಿ ಕುಳಿತಿದ್ದ. ಕೊನೆಯ ತಿರುವಿನಲ್ಲಿ ಮಗಳು ಮುಂದೆ ಬಂದಳು. ಗೆರೆ ದಾಟುವಾಗ ಹಿಂದಿನವರು ದೂರವಿದ್ದರು. ಅಂಗಡಿ ಹೋ ಎಂದಿತು. ಈ ಸಲ ದೇಶಕ್ಕೆ ಹಿಂದೆಂದೂ ಬಾರದಷ್ಟು ಚಿನ್ನ ಬಂತೆಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು.

“ಅಣ್ಣ, ನಿನ್ನ ಮಗಳು ದೇಶದ ಮಾನ ಉಳಿಸಿದ್ಲು. ಇನ್ಮೇಲೆ ನಿಂಗೆ ಕಟಿಂಗು ಪುಕ್ಕಟೆ,” ಎಂದ ಕ್ಷೌರಿಕ.

“ಕೂದ್ಲು ಉದುರಿದ್ಮೇಲೆ ಹೇಳ್ತಿದೀಯಲ್ಲೋ,” ಎಂದ ದರ್ಜಿ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಟಿ.ವಿ.ಯಲ್ಲಿ, ಪ್ರೇಕ್ಷಕರ ಕಡೆಯಿಂದ ಯಾರೋ ಬಾವುಟ ಎಸೆದರು. ಅದನ್ನು ಹಿಡಿಯಲು ಜೊತೆಗಾರ ಬೆರಳುಗಳನ್ನು ಬಿಡಿಸಿಕೊಂಡು ಓಡಿದ. ಮಗಳು ಒಬ್ಬಳೇ ನಿಂತಳು. ಪಟ್ಟಿ ಅವಳ ಕೈಯಿಂದ ಜೋತಾಡುತ್ತಿತ್ತು. ಅದರ ತುದಿಯಲ್ಲಿ ಖಾಲಿ ಕುಣಿಕೆ.

“ಯಾಕಣ್ಣ, ತಲೆ ತಗ್ಗಿಸ್ಬಿಟ್ಟೆ? ನೋಡು, ನೋಡು,” ಎಂದ ಕ್ಷೌರಿಕ.

ದರ್ಜಿ ನೋಡಿದ. ಅವಳ ಇನ್ನೊಂದು ಕೈ ಗಾಳಿಯಲ್ಲಿ ತಡಕಾಡಿ, ಕುಣಿಕೆಯನ್ನು ಹುಡುಕಿ, ಮೆಲ್ಲಗೆ ಮುಷ್ಟಿಯೊಳಗೆ ಮುಚ್ಚಿಕೊಂಡಿತು.